ಉಳಿದದ್ದು ಬೆಳ್ಳಿತೆರೆಯ ಮೇಲೆ

ಟ್ರಂಕಿನಲ್ಲಿ ಆರುನೂರ ಹನ್ನೊಂದು ಪದ್ಯಾವಳಿ.
ಮೊದಲು ನಾಲ್ಕಾಣೆ, ಆಮೇಲೆ ಎಂಟಾಣೆ, ಎಲ್ಲ ಗುತ್ಯಪ್ಪನ ಕೈಯಿಂದ,
ಟಾಕೀಸಿನ ಗೇಟಿನ ಹೊರಗೆ, ಕಡಲೆಕಾಯಿ ಗಾಡಿಯ ಪಕ್ಕ.
ಗುಲಾಬಿ ಕಾಗದ, ಹಸಿರು ಶಾಯಿ,
ಮುಟ್ಟಿದರೆ ಬೆರಳಿಗೆ ಅಂಟುವ ನಾಯಕಿ.

ಎಲ್ಲದರ ಕಥಾಸಾರವೂ ಅಲ್ಲಿಗೇ ಬಂದು ನಿಲ್ಲುತ್ತದೆ:
ಅವಳು ಮನೆ ಬಿಟ್ಟಳೇ? ತಮ್ಮನನ್ನು ಕೊಂದವರಾರು?
ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ.

ನೋಡಿದೆ. ಆನಂದಿಸಿದೆ.
ಒಂದನ್ನು ಬಿಟ್ಟು.

ಎಪ್ಪತ್ತೆಂಟನೆಯ ಇಸವಿ. ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜು,
ನನ್ನ ಕಿವಿಗೆ ಭಾರದ ಹೆಡ್‌ಫೋನು, ಪಕ್ಕದ ಸ್ಟೂಲಿನಲ್ಲಿ ನಫೀಸಾ.
ಒಂದೇ ಪ್ರಿಂಟು, ಎರಡು ಟಾಕೀಸು; ರೀಲಿನ ಡಬ್ಬಿ
ಸೈಕಲ್ಲಿನ ಕ್ಯಾರಿಯರ್ ಮೇಲೆ ಊರ ಆ ತುದಿಯಿಂದ ಈ ತುದಿಗೆ.
ಅಂದು ಹೊಳೆ ಸೇತುವೆ ಮೇಲೆ ಪಂಕ್ಚರ್.
ಸೋಡಾ ಮುಗಿಯಿತು. ಸಿಳ್ಳೆ ಮುಗಿಯಿತು. ಇಂಟರ್ವಲ್ ಮುಗಿಯಲಿಲ್ಲ.
ನಮಗೆ ಎಂಟಕ್ಕೆ ಡ್ಯೂಟಿ.
ಬಾವಿಕಟ್ಟೆಯ ಹತ್ತಿರ ನಿಂತಿದ್ದಳು ಅವಳು, ಸಂಪಿಗೆ ಹಳದಿ ಸೀರೆ.
ಹಿಂದಿನಿಂದ ಯಾರೋ ಬರುತ್ತಿದ್ದರು.
ಬರೀ ಚಪ್ಪಲಿ ಕಂಡಿತ್ತು.

ಶುಕ್ರವಾರ ಪೋಸ್ಟರ್ ಬದಲಾಯಿತು.

ಆ ಚಪ್ಪಲಿಯ ಬೆನ್ನು ಹತ್ತಿದೆವು.
ಭದ್ರಾವತಿಯಲ್ಲಿ ಕರೆಂಟು ಹೋಗಿ,
ಕಾರ್ಖಾನೆಯ ಶಿಫ್ಟು ಬಿಟ್ಟು ಬಂದವರೆಲ್ಲ ಕುರ್ಚಿ ಬಡಿದರು.
ತರೀಕೆರೆಯಲ್ಲಿ ಕೊನೆಯ ಬಸ್ಸು ಎಂಟೂವರೆಗೆ.
ಶಿಕಾರಿಪುರದ ಟೆಂಟಿನಲ್ಲಿ ಗಾಳಿಗೆ ತೆರೆಯೇ ಹಾರಿ
ನಾಯಕನ ಮುಖ ಆಚೆಯ ಜೋಳದ ಹೊಲದ ಮೇಲೆ ಬಿತ್ತು.
ಸೊರಬದ ಎಕ್ಸ್‌ಚೇಂಜಿನ ಹುಡುಗಿ, ಮುಖ ಕಂಡವಳಲ್ಲ, ದನಿ ಮಾತ್ರ,
ರಾತ್ರಿ ಎರಡಕ್ಕೆ ಪ್ಲಗ್ಗು ಚುಚ್ಚಿ ಪಿಸುಗುಟ್ಟಿದಳು:
'ಬಂದೈತೆ ಕಣಕ್ಕಾ ನಿಮ್ ಪಿಚ್ಚರ್ರು. ಬೇಗ ಬರ್ರಿ.'
ಹೋದರೆ, ಮಷೀನು ಓಡಿಸುವವನು ಕೊನೆಯ ಎರಡು ರೀಲು ನುಂಗಿದ.
ಮಗಳಿಗೆ ಜ್ವರವಂತೆ.
ಅವನ ಮೇಲೆ ಸಿಟ್ಟಾಗಲು ನಾವು ಯಾರು.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ನಫೀಸಾ ಕಥೆ ಮುಗಿಸುತ್ತಿದ್ದಳು.
ಒಂದು ಸಲ ಚಪ್ಪಲಿ ಅಣ್ಣನದು. ಇನ್ನೊಂದು ಸಲ ಅತ್ತೆಯದು.
ಒಮ್ಮೆ, ಆಯನೂರು ದಾಟಿದ ಮೇಲೆ, ಬಹಳ ಹೊತ್ತು ಸುಮ್ಮನಿದ್ದು:
'ಬೇರೆ ಯಾರೂ ಅಲ್ಲ ಕಣೇ. ಅವಳೇ. ವಾಪಸ್ ಬರ್ತಿರೋಳು.'

ಆ ಸೀರೆಗಾಗಿ ಗಾಂಧಿ ಬಜಾರ್ ಅಳೆದೆವು.
ಸಂಪಿಗೆ ಎಂದರೆ ನಿಂಬೆ ಹರವಿದ, ಅರಿಶಿನ ಹರವಿದ, ಸಾಸಿವೆ ಹೂ ಹರವಿದ,
ಬಾಗಿಲೆಳೆಯುವ ಹೊತ್ತಿಗೆ ಅಟ್ಟದಿಂದ ಒಂದು ಇಳಿಸಿದ:
'ಪಿಚ್ಚರ್ ಸೀರೆ ಅಮ್ಮಾ, ಲಾಸ್ಟ್ ಪೀಸ್.'
ಅವನಲ್ಲಿ ಎಲ್ಲವೂ ಪಿಚ್ಚರ್ ಸೀರೆ, ಎಲ್ಲವೂ ಲಾಸ್ಟ್ ಪೀಸ್.
ನಲವತ್ತೆರಡು ರೂಪಾಯಿ, ಇಬ್ಬರ ದುಡ್ಡು ಸೇರಿ. ಉಡುವುದು ವಾರಕ್ಕೊಬ್ಬರು.
ನನ್ನನ್ನು ನೋಡಲು ಬಂದವರ ಮುಂದೆ ಅದನ್ನೇ ಉಟ್ಟೆ.
ಅವರು ಒಪ್ಪಲಿಲ್ಲ. ಆ ಸಂಜೆ ಸೆಕೆಂಡ್ ಶೋಗೆ ಹೋದೆವು.
ತನ್ನ ವಲೀಮಾದ ಮರುದಿನ ಅವಳುಟ್ಟಳು.

ಟಾಕೀಸು ಈಗ ಬೈಕ್ ಶೋರೂಮು.
ಬಾಲ್ಕನಿ ಇದ್ದ ಕಡೆ ಸಾಲಾಗಿ ಹೆಲ್ಮೆಟ್ಟು, ಎಲ್ಲವೂ ತೆರೆಯತ್ತಲೇ ಮುಖ ಮಾಡಿ.

ಮೊನ್ನೆ ಅವಳ ಮೊಮ್ಮಗ ಸಕ್ಕರೆ ಡಬ್ಬಿಗೆ ಫೋನು ಒರಗಿಸಿಟ್ಟ.
'ನಾನೀ, ಯಾರೋ ಹಾಕಿದಾರೆ ನೋಡಿ. ಪೂರ್ತಿ ಇದೆ.'
ನಲವತ್ತಾರು ವರ್ಷ ಕಾದದ್ದಕ್ಕೆ ಅಂಗೈಯಗಲದ ಬೆಳ್ಳಿತೆರೆ.
ಬಾವಿಕಟ್ಟೆ. ಚಪ್ಪಲಿ. ಕ್ಯಾಮೆರಾ ಮೆಲ್ಲಗೆ ಮೇಲೆದ್ದಿತು.
ಅಂಚೆಯವನು.
ಕಾಗದ ಕೊಟ್ಟು ಹೋದ.
ಆಮೇಲೆ ಒಂದು ಹೊಡೆದಾಟ, ಒಂದು ಕೋರ್ಟು,
ಎಲ್ಲರೂ ಸಾಲಾಗಿ ನಿಂತು ನಕ್ಕರು. ಶುಭಂ.

ನಫೀಸಾ ಕನ್ನಡಕ ತೆಗೆದು ಒರೆಸಿದಳು.
'ಅಂಚೆಯವನಾ? ಇದಕ್ಕಾ ಸೊರಬಕ್ಕೆ ಹೋಗಿದ್ದು?'
ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತು.

ಸೀರೆ ಮಾತ್ರ ಫೋನಿನಲ್ಲಿ ಬೂದಿ. ಬಣ್ಣವೆಲ್ಲ ಸೋರಿಹೋದ ಪ್ರಿಂಟು.
ಹುಡುಗ ಕೇಳಿದ, 'ನಿಜವಾಗ್ಲೂ ಯಾವ ಕಲರ್ ಇತ್ತು?'
ಇರು, ತೋರಿಸ್ತೀವಿ ಎಂದು ಇಬ್ಬರೂ ಒಟ್ಟಿಗೇ ಎದ್ದೆವು,
ಎದ್ದವರು ಅಲ್ಲೇ ನಿಂತೆವು.

'ನಿನ್ ಹತ್ರಾನೇ ಇರೋದು' ಅಂದಳು.
'ಅದು ನಿನ್ನ ವಾರ ಅಲ್ವಾ' ಅಂದೆ.